ರಗ್ಬಿ ಬಿಟ್ಟು ಫುಟ್‌ಬಾಲ್‌ಗೆ ಹೋದವನಾ, ಎರಡನ್ನೂ ಆಡಿದವನಾ?

ಪ್ರಶ್ನೆ: ಸರ್, ನಮ್ಮ ಆಫೀಸಿನ ಕ್ವಿಜ್‌ನಲ್ಲಿ ಒಂದು ಪ್ರಶ್ನೆ ಬಂತು. "ಭಾರತದಲ್ಲಿ ಹುಟ್ಟಿ, ರಗ್ಬಿ ಬಿಟ್ಟು ಫುಟ್‌ಬಾಲ್‌ಗೆ ಹೋಗಿ, ಎರಡರಲ್ಲೂ ಸ್ಕಾಟ್ಲೆಂಡ್ ಪರ ಆಡಿದ ಒಬ್ಬನೇ ಆಟಗಾರ ಯಾರು?" ಉತ್ತರ ಹೆನ್ರಿ ರೆನ್ನಿ-ಟೇಲ್ಯೂರ್ ಅಂತೆ. ಆಟ ಬದಲಾಯಿಸಿದ್ದಕ್ಕೆ ರಗ್ಬಿಯವರು ಆತನಿಗೆ ಜೀವನಪೂರ್ತಿ ನಿಷೇಧ ಹಾಕಿದ್ರು ಅಂತ ನನ್ನ ಸಹೋದ್ಯೋಗಿ ವಾದ ಮಾಡ್ತಾರೆ. ನಿಜವಾ? ಒಂದು ವರ್ಷದ ಅಂತರದಲ್ಲಿ ಎರಡು ಬೇರೆ ಆಟಗಳಲ್ಲಿ ದೇಶದ ತಂಡಕ್ಕೆ ಆಡೋದು ಹೇಗೆ ಸಾಧ್ಯ? ಆಮೇಲೆ ಆತ ಏನಾದ?

ಉತ್ತರ: ನಿಷೇಧದ ಕಥೆ ಸುಳ್ಳು. "ರಗ್ಬಿ ಬಿಟ್ಟು" ಅನ್ನೋ ಮಾತೂ ಅಷ್ಟು ಸರಿಯಲ್ಲ. ಉಳಿದಿದ್ದೆಲ್ಲ ನಿಜ. ರೆನ್ನಿ-ಟೇಲ್ಯೂರ್ ಸ್ಕಾಟ್ಲೆಂಡಿಗೆ ಒಂದು ರಗ್ಬಿ ಪಂದ್ಯ ಆಡಿದ, ಒಂದು ಫುಟ್‌ಬಾಲ್ ಪಂದ್ಯ ಆಡಿದ. ಎರಡನ್ನೂ ಆಡಿದ ಸ್ಕಾಟಿಷ್ ಪುರುಷ ಆಟಗಾರ ಆತನೊಬ್ಬನೇ. ನಿಮ್ಮ ಸಹೋದ್ಯೋಗಿ ಹೇಳುವಂಥ ನಿಷೇಧ ಇದ್ದದ್ದೂ ಹೌದು. ಆದರೆ ಅದು ಬೇರೆ ಕಾಲದ್ದು, ಬೇರೆ ಜಗಳದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮನುಷ್ಯ ಯಾರು ಅಂತ ನೋಡೋಣ. ಹುಟ್ಟಿದ್ದು 1849ರ ಅಕ್ಟೋಬರ್ 9ರಂದು, ಮಸ್ಸೂರಿಯಲ್ಲಿ. ಮನೆತನ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಮಾಂಟ್ರೋಸ್ ಕಡೆಯದು. ಓದಿದ್ದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿ, ಆಮೇಲೆ ವುಲಿಚ್‌ನ ಮಿಲಿಟರಿ ಅಕಾಡೆಮಿಯಲ್ಲಿ. ಅಲ್ಲಿಂದ ನೇರ ರಾಯಲ್ ಎಂಜಿನಿಯರ್ಸ್‌ಗೆ. ಸೇತುವೆ ಕಟ್ಟುವ, ಸುರಂಗ ತೋಡುವ, ಕೋಟೆ ಎಬ್ಬಿಸುವ ಸೈನ್ಯದ ದಳ ಅದು. ಕೆಂಟ್ ಸೀಮೆಯ ಚಾಟಮ್‌ನಲ್ಲಿ ಅದರ ನೆಲೆ. ಹುಡುಗರು ಇಪ್ಪತ್ತರ ಆಸುಪಾಸಿನವರು, ಮೈಯಲ್ಲಿ ಕಸುವಿದೆ, ಪಕ್ಕದಲ್ಲೇ ಮೈದಾನವಿದೆ. ಚಳಿಗಾಲ ಬಂತೆಂದರೆ ಆಟವೋ ಆಟ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎರಡೂ ಆಟ ಹೇಗೆ ಸಾಧ್ಯವಾಯಿತು?

ಇವತ್ತಿನ ರಗ್ಬಿ, ಇವತ್ತಿನ ಫುಟ್‌ಬಾಲ್ ಮನಸ್ಸಿನಲ್ಲಿ ಇಟ್ಟುಕೊಂಡರೆ ಇದು ಅರ್ಥವಾಗುವುದಿಲ್ಲ. 1872ರಲ್ಲಿ ಎರಡೂ ಒಂದೇ ಬಳ್ಳಿಯ ಕಾಯಿ. ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1863ರಲ್ಲಿ. ಆ ಸಭೆಗಳಲ್ಲೇ ಜಗಳ ಹತ್ತಿತ್ತು. ಎದುರಾಳಿಯ ಮೊಣಕಾಲ ಕೆಳಗೆ ಬೂಟುಗಾಲಲ್ಲಿ ಒದೆಯಬಹುದಾ ಬೇಡವಾ, ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದಾ ಬೇಡವಾ ಅಂತ. ಒದೆತ ಬೇಕೇ ಬೇಕು ಅಂದ ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಎದ್ದು ಹೊರನಡೆದರು. ತಮಾಷೆ ನೋಡಿ, ಅವರೂ ಸೇರಿಕೊಂಡು 1871ರ ಜನವರಿಯಲ್ಲಿ ರಗ್ಬಿ ಫುಟ್‌ಬಾಲ್ ಯೂನಿಯನ್ ಕಟ್ಟಿದಾಗ, ಆ ಒದೆತವನ್ನು ಅಲ್ಲೂ ನಿಷೇಧಿಸಿದರು!

ಅಸೋಸಿಯೇಷನ್‌ನವರ ಮೊದಲ ನಿಯಮಗಳಲ್ಲೂ ಚೆಂಡನ್ನು ಗಾಳಿಯಲ್ಲಿ ಕೈಯಿಂದ ಹಿಡಿಯಲು ಅವಕಾಶವಿತ್ತು. ಹಿಡಿದವನಿಗೆ ಫ್ರೀ ಕಿಕ್. ಗೋಲ್ ಗೆರೆಯ ಆಚೆ ಚೆಂಡು ಮುಟ್ಟಿದರೆ ಅದಕ್ಕೂ ಒಂದು ಕಿಕ್. ಗೋಲ್‌ಕೀಪರ್ ಎಂಬ ಪ್ರತ್ಯೇಕ ಪ್ರಾಣಿ ನಿಯಮದೊಳಗೆ ಬಂದಿದ್ದೇ 1871ರಲ್ಲಿ. ಅಂದರೆ ರೆನ್ನಿ-ಟೇಲ್ಯೂರ್ ದೇಶದ ತಂಡಕ್ಕೆ ಆಡುವ ಹೊತ್ತಿಗೆ ಆ ನಿಯಮಗಳ ಮೇಲಿನ ಶಾಯಿ ಇನ್ನೂ ಒಣಗಿರಲಿಲ್ಲ.

ರಗ್ಬಿ ಕಡೆ ನೋಡಿದರೆ, ಆಗ ಒಂದು ತಂಡಕ್ಕೆ 20 ಜನ. ಅದರಲ್ಲಿ ಮುಕ್ಕಾಲು ಪಾಲು ಮುಂದಿನ ಸಾಲಿನ ಗುಂಪು. ಇವತ್ತಿನ ಹಾಗೆ ಬಗ್ಗಿ ಚೆಂಡನ್ನು ಹಿಮ್ಮಡಿಯಿಂದ ಹಿಂದಕ್ಕೆ ಸರಿಸುವ ಪದ್ಧತಿ ಇರಲಿಲ್ಲ. ಎರಡು ಗುಂಪು ನೆಟ್ಟಗೆ ನಿಂತು, ಎದೆಗೆ ಎದೆ ಕೊಟ್ಟು ತಳ್ಳಾಡಬೇಕು. ಚೆಂಡು ಕಾಲುಗಳ ಕಾಡಿನಲ್ಲಿ ಎಲ್ಲೋ ಇರುತ್ತದೆ. ಅದನ್ನು ಒದ್ದುಕೊಂಡೇ ಎದುರು ಗುಂಪನ್ನು ಸೀಳಿ ಆಚೆ ಬರಬೇಕು. ಬಂದವನು ಕಾಲಲ್ಲೇ ಚೆಂಡು ಉರುಳಿಸುತ್ತ ಓಡುತ್ತಾನೆ, ಹಿಂದೆ ಉಳಿದವರು ಮಂದೆಯಾಗಿ ನುಗ್ಗುತ್ತಾರೆ. ಸ್ಕಾಟರು ಇದರಲ್ಲಿ ಪಳಗಿದವರು. ಮುಂದೆ ಎಷ್ಟೋ ವರ್ಷ ಅವರ ರಗ್ಬಿಗೆ ಹೆಸರು ತಂದಿದ್ದೇ ಕಾಲಲ್ಲಿ ಚೆಂಡು ನೂಕಿಕೊಂಡು ನುಗ್ಗುವ ಈ ಆಟ.

ಇನ್ನೊಂದು ವಿಷಯ. ಆಗ ರಗ್ಬಿಯಲ್ಲಿ ಪಾಯಿಂಟ್ ಲೆಕ್ಕವೇ ಇಲ್ಲ. ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿದರೆ, ಅದೇ 'ಟ್ರೈ', ಸಿಗುತ್ತಿದ್ದದ್ದು ಗೋಲಿಗೆ ಒದೆಯುವ ಒಂದು ಅವಕಾಶ ಮಾತ್ರ. ಗೆಲುವು ಸೋಲು ನಿರ್ಧಾರವಾಗುತ್ತಿದ್ದದ್ದು ಗೋಲುಗಳಿಂದಲೇ. ಕಾಲಲ್ಲಿ ಚೆಂಡು ಆಡಿಸಲು ಬರುವ, ಗುದ್ದಿದರೂ ಬೀಳದ, ಜೋರಾಗಿ ಓಡುವ ಹುಡುಗ ಎರಡೂ ಕಡೆಗೆ ಬೇಕಾದವನೇ. ನಮ್ಮ ಊರಿನ ಹುಡುಗರು ಶನಿವಾರ ಟೆನಿಸ್ ಬಾಲ್ ಟೂರ್ನಿ, ಭಾನುವಾರ ಲೆದರ್ ಬಾಲ್ ಮ್ಯಾಚ್ ಆಡ್ತಾರಲ್ಲ, ಆಗಿನ ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ. ಯಾರೂ ಅದನ್ನು ಪಕ್ಷಾಂತರ ಅನ್ನಲ್ಲ.

ಇದಕ್ಕೆ ಒಂದು ಒಳ್ಳೆ ಸಾಕ್ಷಿ ಕೊಡುತ್ತೇನೆ. 1872ರ ಫೆಬ್ರವರಿ 5ರಂದು ಲಂಡನ್ನಿನ ಕೆನಿಂಗ್ಟನ್ ಓವಲ್‌ನಲ್ಲಿ ಇಂಗ್ಲೆಂಡ್-ಸ್ಕಾಟ್ಲೆಂಡ್ ರಗ್ಬಿ ಪಂದ್ಯ. ದೇಶ-ದೇಶಗಳ ನಡುವಿನ ರಗ್ಬಿಯಲ್ಲಿ ಅದು ಎರಡನೆಯದು. ಮೊದಲನೆಯದು ಹಿಂದಿನ ವರ್ಷ ಎಡಿನ್‌ಬರೋದ ರೇಬರ್ನ್ ಪ್ಲೇಸ್‌ನಲ್ಲಿ ನಡೆದಿತ್ತು, ಸ್ಕಾಟ್ಲೆಂಡ್ ಗೆದ್ದಿತ್ತು. ಈ ಸಲ ಇಂಗ್ಲೆಂಡ್ ಗೆದ್ದಿತು, ಒಂದು ಗೋಲು, ಒಂದು ಡ್ರಾಪ್ ಗೋಲು (ಕೈಯಿಂದ ಚೆಂಡು ನೆಲಕ್ಕೆ ಬಿಟ್ಟು, ಪುಟಿದಾಗ ಒದ್ದು ಹೊಡೆಯುವ ಗೋಲು), ಎರಡು ಟ್ರೈ. ಸ್ಕಾಟರ ಕಡೆಯಿಂದ ಒಂದೇ ಡ್ರಾಪ್ ಗೋಲು. ಸೋತ ಆ 20 ಜನರಲ್ಲಿ ರೆನ್ನಿ-ಟೇಲ್ಯೂರ್ ಒಬ್ಬ.

ಸರಿಯಾಗಿ 40 ದಿನ ಬಿಟ್ಟು, ಮಾರ್ಚ್ 16ರಂದು, ಅದೇ ಓವಲ್ ಮೈದಾನದಲ್ಲಿ ಆತ ಮತ್ತೆ ಆಡಿದ. ಈ ಸಲ ಫುಟ್‌ಬಾಲ್. ಅದೂ ಎಂಥ ಪಂದ್ಯ! ಫುಟ್‌ಬಾಲ್ ಅಸೋಸಿಯೇಷನ್ ನಡೆಸುವ ಎಫ್‌ಎ ಕಪ್‌ನ ಮೊಟ್ಟಮೊದಲ ಫೈನಲ್. ರಾಯಲ್ ಎಂಜಿನಿಯರ್ಸ್ ವಿರುದ್ಧ ಲಂಡನ್ನಿನ ವಾಂಡರರ್ಸ್ ಕ್ಲಬ್. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಎಂಜಿನಿಯರ್ಸ್‌ನ ಎಡ್ಮಂಡ್ ಕ್ರೆಸ್‌ವೆಲ್‌ನ ಭುಜದ ಮೂಳೆ ಮುರಿಯಿತು. ಬದಲಿ ಆಟಗಾರ ಅನ್ನೋ ಪದ್ಧತಿಯೇ ಇಲ್ಲದ ಕಾಲ. ಆತ ಮೈದಾನ ಬಿಡಲೊಪ್ಪದೆ ನೋವು ನುಂಗಿಕೊಂಡು ಕೊನೆವರೆಗೂ ಆಡಿದ. ಆದರೂ ವಾಂಡರರ್ಸ್ 1-0 ಗೆದ್ದಿತು. ಗೋಲು ಹೊಡೆದವನು ಮಾರ್ಟನ್ ಪೀಟೊ ಬೆಟ್ಸ್. ಆದರೆ ಅವತ್ತು ಆತ ಆಡಿದ್ದು 'ಎ. ಎಚ್. ಚೆಕರ್' ಅನ್ನೋ ಸುಳ್ಳು ಹೆಸರಿನಲ್ಲಿ.

ಒಂದೇ ಚಳಿಗಾಲ, ಒಂದೇ ಮೈದಾನ, ಎರಡು ಆಟ. ಎಲ್ಲಿ ಬಿಟ್ಟ, ಎಲ್ಲಿಗೆ ಹೋದ?

ಫುಟ್‌ಬಾಲ್‌ನಲ್ಲಿ ಸ್ಕಾಟ್ಲೆಂಡ್ ಪರ ಆಡಿದ ಕಥೆ ಇನ್ನೂ ಚೆನ್ನಾಗಿದೆ. ಅದರ ಹಿಂದೆ ಒಂದು ಹಠದ ಹಿನ್ನೆಲೆ ಇದೆ. 1870ರಿಂದಲೇ ಲಂಡನ್ನಿನಲ್ಲಿ ಚಾರ್ಲ್ಸ್ ಆಲ್ಕಾಕ್ ಎಂಬಾತ ಇಂಗ್ಲೆಂಡ್-ಸ್ಕಾಟ್ಲೆಂಡ್ ಹೆಸರಿನಲ್ಲಿ ಫುಟ್‌ಬಾಲ್ ಪಂದ್ಯಗಳನ್ನು ಏರ್ಪಡಿಸುತ್ತಿದ್ದ. ಸ್ಕಾಟ್ಲೆಂಡ್ ತಂಡದಲ್ಲಿ ಬಹುತೇಕ ಲಂಡನ್ನಿನಲ್ಲೇ ಇದ್ದವರು. ಇದು ಸ್ಕಾಟ್ಲೆಂಡಿನ ರಗ್ಬಿ ಕ್ಲಬ್ಬುಗಳಿಗೆ ಉರಿ ಹತ್ತಿಸಿತು. ಇವರ್‍ಯಾರು ನಮ್ಮ ಹೆಸರಲ್ಲಿ ಆಡೋಕೆ, ನಮ್ಮಲ್ಲಿ ಆಡುವ ಆಟವೇ ಬೇರೆ ಅಂತ ಐದು ಕ್ಲಬ್ಬುಗಳ ನಾಯಕರು 1870ರ ಡಿಸೆಂಬರ್‌ನಲ್ಲಿ ಪತ್ರಿಕೆಯಲ್ಲಿ ಸವಾಲು ಹಾಕಿದರು. ಬನ್ನಿ, ತಲಾ 20 ಜನ, ರಗ್ಬಿ ನಿಯಮದಲ್ಲಿ ಆಡೋಣ. ಮೊದಲ ರಗ್ಬಿ ಅಂತಾರಾಷ್ಟ್ರೀಯ ಪಂದ್ಯ ಹುಟ್ಟಿದ್ದು ಹೀಗೆ. ಅಂದರೆ ಎರಡು ಆಟಗಳ ನಡುವೆ ಪೈಪೋಟಿ ಇರಲಿಲ್ಲ ಅಂತಲ್ಲ. ಸ್ಕಾಟ್ಲೆಂಡಿನ ಆಟ ಯಾವುದು ಅನ್ನೋ ಗುದ್ದಾಟ ಸಂಘಟಕರ ನಡುವೆ ಇತ್ತು. ಆಡುವ ಹುಡುಗರ ಕಾಲಿಗೆ ಅದು ತೊಡರಲಿಲ್ಲ, ಅಷ್ಟೇ.

1872ರ ನವೆಂಬರ್ 30ರಂದು ಗ್ಲಾಸ್ಗೋದ ಪಾರ್ಟಿಕ್‌ನಲ್ಲಿ ಮೊದಲ ಅಧಿಕೃತ ಫುಟ್‌ಬಾಲ್ ಅಂತಾರಾಷ್ಟ್ರೀಯ ಪಂದ್ಯ ನಡೆಯಿತು. ಸ್ಕಾಟ್ಲೆಂಡ್ ಪರ ಆಡಿದ ಹನ್ನೊಂದೂ ಜನ ಕ್ವೀನ್ಸ್ ಪಾರ್ಕ್ ಕ್ಲಬ್ಬಿನವರೇ. ನಾಯಕ ರಾಬರ್ಟ್ ಗಾರ್ಡ್ನರ್ ರೆನ್ನಿ-ಟೇಲ್ಯೂರ್‌ನನ್ನೂ ವಾಂಡರರ್ಸ್‌ನ ಆರ್ಥರ್ ಕಿನೇರ್ಡ್‌ನನ್ನೂ ಕರೆದಿದ್ದ. ಇಬ್ಬರಿಗೂ ಬರಲಾಗಲಿಲ್ಲ. ಫಲಿತಾಂಶ 0-0.

ಮರುಪಂದ್ಯ 1873ರ ಮಾರ್ಚ್ 8ರಂದು, ಮತ್ತೆ ಅದೇ ಓವಲ್. ಗ್ಲಾಸ್ಗೋನಿಂದ ಇಡೀ ತಂಡವನ್ನು ಲಂಡನ್ನಿಗೆ ಕರೆತರಲು ಕ್ವೀನ್ಸ್ ಪಾರ್ಕ್ ಬಳಿ ದುಡ್ಡು ಸಾಲಲಿಲ್ಲ. ರೈಲು ಟಿಕೆಟ್ಟಿನ ಲೆಕ್ಕ ನೋಡಿ, ಉಳಿದ ಜಾಗಕ್ಕೆ ಅಲ್ಲೇ ಸುತ್ತಮುತ್ತ ಇದ್ದ ಸ್ಕಾಟರನ್ನು ಸೇರಿಸಿಕೊಂಡರು. ಕಿನೇರ್ಡ್ ಬಂದ. ಎಂಜಿನಿಯರ್ಸ್‌ನಿಂದ ರೆನ್ನಿ-ಟೇಲ್ಯೂರ್ ಮತ್ತು ಜಾನ್ ಬ್ಲ್ಯಾಕ್‌ಬರ್ನ್ ಬಂದರು. ಎದುರು ತಂಡದಲ್ಲೂ ಅದೇ ಎಂಜಿನಿಯರ್ಸ್‌ನ ಇಬ್ಬರು, ಆಲ್ಫ್ರೆಡ್ ಗುಡ್ವಿನ್ ಮತ್ತು ಪೆಲ್ಹಮ್ ಫಾನ್ ಡೊನಾಪ್. ನಿನ್ನೆ ಒಂದೇ ಮೆಸ್ಸಿನಲ್ಲಿ ಊಟ, ಇವತ್ತು ಎದುರುಬದುರು.

ಮೈದಾನದ ಚಿತ್ರ ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಗೋಲಿಗೆ ಬಲೆ ಇಲ್ಲ. ಮೇಲೆ ಅಡ್ಡಪಟ್ಟಿಯ ಬದಲು ಎರಡು ಕಂಬಗಳ ನಡುವೆ ಒಂದು ಪಟ್ಟಿ ಕಟ್ಟಿದರೂ ಆಯಿತು. ಪೆನಾಲ್ಟಿ ಕಿಕ್ ಅನ್ನೋದು ಇನ್ನೂ ಹುಟ್ಟಿಲ್ಲ. ಒಂದೊಂದು ಗೋಲಾದಾಗಲೂ ತಂಡಗಳು ತುದಿ ಬದಲಾಯಿಸಿಕೊಳ್ಳಬೇಕು. ತೀರ್ಪಿಗೆ ಎರಡೂ ಕಡೆಯಿಂದ ಒಬ್ಬೊಬ್ಬ ಅಂಪೈರ್. ಆಟಗಾರರ ಕಾಲಿಗೆ ಉದ್ದನೆಯ ನಿಕ್ಕರು, ಕೆಲವರ ತಲೆ ಮೇಲೆ ಟೋಪಿ.

ಆಟ ಶುರುವಾದ ಕೂಡಲೇ ಇಂಗ್ಲೆಂಡಿನ ವಿಲಿಯಂ ಕೆನ್ಯನ್-ಸ್ಲೇನಿ ಗೋಲು ಹೊಡೆದ. ಹಿಂದಿನ ಪಂದ್ಯ ಗೋಲಿಲ್ಲದೆ ಮುಗಿದಿತ್ತಲ್ಲ, ಹಾಗಾಗಿ ಜಗತ್ತಿನ ಅಂತಾರಾಷ್ಟ್ರೀಯ ಫುಟ್‌ಬಾಲ್‌ನ ಮೊದಲ ಗೋಲು ಇದೇ. ಅಲೆಕ್ಸಾಂಡರ್ ಬಾನ್ಸರ್ ಇನ್ನೊಂದು ಹೊಡೆದ. 2-0. ಆಗ ರೆನ್ನಿ-ಟೇಲ್ಯೂರ್ ಒಂದು ಗೋಲು ತಿರುಗಿಸಿ ಕೊಟ್ಟ. ಸ್ಕಾಟ್ಲೆಂಡ್ ಫುಟ್‌ಬಾಲ್ ಇತಿಹಾಸದ ಮೊಟ್ಟಮೊದಲ ಅಧಿಕೃತ ಗೋಲು ಅದು. ಆಮೇಲೆ ವಿಲಿಯಂ ಗಿಬ್ ಹೊಡೆದು 2-2 ಮಾಡಿದ. ಆದರೆ ಕೊನೆಯಲ್ಲಿ ಕೆನ್ಯನ್-ಸ್ಲೇನಿ ಮತ್ತೊಂದು, ಚಾರ್ಲ್ಸ್ ಚೆನರಿ ಇನ್ನೊಂದು ಹೊಡೆದು ಇಂಗ್ಲೆಂಡ್ 4-2 ಗೆದ್ದಿತು.

ನನಗೆ ಈ ಪಂದ್ಯಕ್ಕಿಂತ ಅದರ ಆಚೀಚೆಯ ತಾರೀಕುಗಳೇ ಜಾಸ್ತಿ ಇಷ್ಟ. ಸ್ಕಾಟ್ಲೆಂಡಿನ ರಗ್ಬಿ ಸಂಘ ಹುಟ್ಟಿದ್ದು 1873ರ ಮಾರ್ಚ್ 3ರಂದು, ಗ್ಲಾಸ್ಗೋ ಅಕಾಡೆಮಿಯಲ್ಲಿ. ಅದರ ಹೆಸರು ಏನಿತ್ತು ಗೊತ್ತಾ? ಸ್ಕಾಟಿಷ್ ಫುಟ್‌ಬಾಲ್ ಯೂನಿಯನ್. ಹೆಸರಿಗೆ ರಗ್ಬಿ ಬಂದು ಸೇರಿದ್ದು 1924ರಲ್ಲಿ. ಸ್ಕಾಟ್ಲೆಂಡಿನ ಫುಟ್‌ಬಾಲ್ ಸಂಘ ಹುಟ್ಟಿದ್ದು ಅದೇ ಮಾರ್ಚ್ 13ರಂದು. ನಮ್ಮ ಹೀರೋ ಗೋಲು ಹೊಡೆದದ್ದು 8ರಂದು, ಸರಿಯಾಗಿ ಎರಡರ ನಡುವೆ! ರಗ್ಬಿ ಸಂಘಕ್ಕೆ ಐದು ದಿನದ ವಯಸ್ಸು, ಫುಟ್‌ಬಾಲ್ ಸಂಘ ಇನ್ನೂ ಐದು ದಿನ ಬಿಟ್ಟು ಹುಟ್ಟಬೇಕು. ಇಂಥ ಹೊತ್ತಿನಲ್ಲಿ ಯಾರು ಯಾರಿಗೆ ನಿಷೇಧ ಹಾಕುತ್ತಾರೆ ಹೇಳಿ?

ಆಮೇಲೆ ಆತ ಮತ್ತೆ ಎರಡೂ ಆಟದಲ್ಲಿ ದೇಶದ ಜೆರ್ಸಿ ತೊಡಲಿಲ್ಲ. ಕ್ಲಬ್ ಫುಟ್‌ಬಾಲ್ ಮಾತ್ರ ಭರ್ಜರಿಯಾಗಿ ಆಡಿದ. ಎಂಜಿನಿಯರ್ಸ್‌ನವರು ಆ ಕಾಲಕ್ಕೆ ಬೇರೆಯೇ ಥರ ಆಡುತ್ತಿದ್ದರು. ಉಳಿದವರದು ಒಬ್ಬೊಬ್ಬನೇ ಚೆಂಡು ಒದ್ದುಕೊಂಡು ತಲೆತಗ್ಗಿಸಿ ಓಡುವ ಆಟ. ಇವರು ಒಬ್ಬರಿಗೊಬ್ಬರು ಪಾಸ್ ಕೊಟ್ಟು ಆಡುತ್ತಿದ್ದರು. ಸೈನಿಕರಲ್ವಾ, ದಿನಾ ಜೊತೆಗೇ ಇರುವವರು, ಕವಾಯತು ರಕ್ತದಲ್ಲೇ ಇತ್ತು ಅನ್ನಿ. 1874ರ ಎಫ್‌ಎ ಕಪ್ ಫೈನಲ್‌ನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ 0-2 ಸೋತರು. 1875ರ ಮಾರ್ಚ್ 13ರಂದು ಓಲ್ಡ್ ಎಟೋನಿಯನ್ಸ್ ಜೊತೆ 1-1, ಆ ಒಂದು ಗೋಲು ರೆನ್ನಿ-ಟೇಲ್ಯೂರ್‌ನದು. ಮೂರು ದಿನ ಬಿಟ್ಟು ಮರುಪಂದ್ಯ. ಎದುರಾಳಿಗಳು ಹಲವರನ್ನು ಬದಲಾಯಿಸಬೇಕಾಯಿತು. ಎಂಜಿನಿಯರ್ಸ್ ಮಾತ್ರ ಅದೇ ಹನ್ನೊಂದು ಜನರೊಂದಿಗೆ ಇಳಿದು 2-0 ಗೆದ್ದರು. ಅಲ್ಲೂ ಆತ ಗೋಲು ಹೊಡೆದ. ಮೂರು ಫೈನಲ್ ಆಡಿ ಕೊನೆಗೂ ಕಪ್ ಕೈಗೆ ಬಂತು. ಇದರ ಮಧ್ಯೆ ಬೇಸಿಗೆಯಲ್ಲಿ ಕೆಂಟ್ ಕೌಂಟಿಗೆ ಕ್ರಿಕೆಟ್ ಬೇರೆ!

ಈಗ ನಿಮ್ಮ ಸಹೋದ್ಯೋಗಿಯ ನಿಷೇಧಕ್ಕೆ ಬರೋಣ. ಅವರ ತಲೆಯಲ್ಲಿ ಇರೋದು ರಗ್ಬಿ ಯೂನಿಯನ್‌ನಿಂದ, ಅಂದರೆ ಇಷ್ಟು ಹೊತ್ತು ಹೇಳಿದ ರಗ್ಬಿಯಿಂದ, ಆಮೇಲೆ ಅದರಿಂದ ಒಡೆದು ಹುಟ್ಟಿದ ರಗ್ಬಿ ಲೀಗ್‌ಗೆ ಹೋದವರ ಕಥೆ ಇರಬೇಕು. ಅದರ ಮೂಲ ದುಡ್ಡು.

1880ರ ದಶಕದ ಹೊತ್ತಿಗೆ ಉತ್ತರ ಇಂಗ್ಲೆಂಡಿನಲ್ಲಿ ರಗ್ಬಿ ಆಡುತ್ತಿದ್ದವರು ಗಣಿ ಕಾರ್ಮಿಕರು, ಗಿರಣಿ ಕೆಲಸದವರು. ಶನಿವಾರ ಪಂದ್ಯಕ್ಕೆ ಹೋದರೆ ಅರ್ಧ ದಿನದ ಕೂಲಿ ಖೋತಾ. ಅದನ್ನು ಕ್ಲಬ್ ತುಂಬಿಕೊಡಲಿ ಅಂದರು. ರಗ್ಬಿ ಯೂನಿಯನ್ ಬಿಲ್‌ಕುಲ್ ಒಪ್ಪಲಿಲ್ಲ. ಆಟಕ್ಕೆ ಒಂದು ಪೈಸೆ ಮುಟ್ಟಿದರೂ ಮೈಲಿಗೆ. ಆ ಗಲಾಟೆಯಲ್ಲಿ ಸಿಕ್ಕಿಬಿದ್ದವನು ಇಂಗ್ಲೆಂಡಿನ ಜಾನ್ ಸಟ್‌ಕ್ಲಿಫ್. 1889ರಲ್ಲಿ ಇಂಗ್ಲೆಂಡ್ ಪರ ರಗ್ಬಿ ಆಡಿದ. ಅದೇ ವರ್ಷ ಆತನ ಕ್ಲಬ್ ಹೆಕ್ಮಂಡ್‌ವೈಕ್ ದುಡ್ಡು ಕೊಟ್ಟ ಆರೋಪದಲ್ಲಿ ಅಮಾನತಾಯಿತು. ಆತ ಬೋಲ್ಟನ್ ವಾಂಡರರ್ಸ್‌ಗೆ ಹೋಗಿ ಗೋಲ್‌ಕೀಪರ್ ಆದ. 1893ರಿಂದ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಗೋಲು ಕಾಯ್ದ. ಒಂದು ಆಟ ಬಿಟ್ಟು ಇನ್ನೊಂದು ಹಿಡಿದವನು ಅಂದರೆ ಇವನು.

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಬೇರೆಯಾದವು. ಕೂಲಿ ನಷ್ಟಕ್ಕೆ ದಿನಕ್ಕೆ ಆರು ಶಿಲ್ಲಿಂಗ್ ಅಂತ ತೀರ್ಮಾನ ಮಾಡಿದರು. ಅದೇ ಮುಂದೆ ರಗ್ಬಿ ಲೀಗ್ ಆಯಿತು, 1906ರಲ್ಲಿ ತಂಡಕ್ಕೆ 13 ಜನ ಎಂದಾಯಿತು. ಯೂನಿಯನ್‌ನವರು ತಮ್ಮ ಬಾಗಿಲು ಭದ್ರ ಹಾಕಿಕೊಂಡರು. ಆ ಕಡೆ ಹೋದವನು ಈ ಕಡೆ ಮತ್ತೆ ಕಾಲಿಡುವ ಹಾಗಿಲ್ಲ. ಸ್ಕಾಟರಂತೂ ಈ ವಿಷಯದಲ್ಲಿ ಇಂಗ್ಲಿಷರಿಗಿಂತ ಒಂದು ಕೈ ಮೇಲು. ಪ್ರವಾಸಿ ತಂಡದ ಆಟಗಾರರಿಗೆ ದಿನಕ್ಕೆ ಮೂರು ಶಿಲ್ಲಿಂಗ್ ಭತ್ಯೆ ಕೊಟ್ಟಿದ್ದಕ್ಕೇ 1909ರಲ್ಲಿ ಇಂಗ್ಲೆಂಡ್ ಜೊತೆ ಜಗಳ ತೆಗೆದಿದ್ದರು.

ಈ ನಿಷೇಧದ ಬಿಸಿ ಏನು ಅಂತ ತಿಳಿಯಬೇಕಾದರೆ ಇನ್ನೊಬ್ಬ ಸ್ಕಾಟ್‌ನನ್ನು ನೋಡಬೇಕು. ರಾಯ್ ಕಿನಿಯರ್, ಎಡಿನ್‌ಬರೋದವನು, ಹೆರಿಯಟ್ಸ್ ಕ್ಲಬ್ಬಿನ ಆಟಗಾರ. 1924ರಲ್ಲಿ ಬ್ರಿಟಿಷ್ ತಂಡದ ಜೊತೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ನಾಲ್ಕೂ ಟೆಸ್ಟ್ ಆಡಿದ. 1926ರಲ್ಲಿ ಸ್ಕಾಟ್ಲೆಂಡ್ ಪರ ಮೂರು ಪಂದ್ಯ. ಮರುವರ್ಷ ವಿಗನ್ ಕ್ಲಬ್ಬಿನ ಜೊತೆ ಸಹಿ ಹಾಕಿ ಲೀಗ್‌ಗೆ ಹೋದ. ಅಲ್ಲಿಗೆ ಸ್ಕಾಟ್ಲೆಂಡ್ ಜೆರ್ಸಿ ಮುಗಿಯಿತು. ಊರ ಯೂನಿಯನ್ ಕ್ಲಬ್ಬಿಗೆ ಸುಮ್ನೆ ಒಂದು ಸ್ನೇಹದ ಪಂದ್ಯ ಆಡುವ ಹಾಗೂ ಇಲ್ಲ. ಲೀಗ್‌ನಲ್ಲಿ ಮಾತ್ರ ಮಿಂಚಿದ. 1929ರಲ್ಲಿ ಚಾಲೆಂಜ್ ಕಪ್ ಫೈನಲ್ ಮೊದಲ ಸಲ ವೆಂಬ್ಲಿಯಲ್ಲಿ ನಡೆದಾಗ ವಿಗನ್ 13-2ರಿಂದ ಡ್ಯೂಸ್‌ಬರಿಯನ್ನು ಸೋಲಿಸಿತು. ಅದರಲ್ಲಿ ಒಂದು ಟ್ರೈ ಕಿನಿಯರ್‌ನದು.

ಆಮೇಲೆ ಎರಡನೇ ಮಹಾಯುದ್ಧ ಬಂತು. ಸೈನ್ಯದಲ್ಲಿ ಇರುವಷ್ಟು ದಿನ ಲೀಗ್‌ನವರೂ ಸೇನಾ ತಂಡಗಳಿಗೆ ಯೂನಿಯನ್ ಆಡಬಹುದು ಅಂತ ಆಗ ವಿನಾಯಿತಿ ಸಿಕ್ಕಿತು. ಶಾಂತಿಕಾಲದಲ್ಲಿ ಮೈಲಿಗೆಯಾಗಿದ್ದವರು ಯುದ್ಧಕಾಲದಲ್ಲಿ ಮಡಿಯಾದರು! ಕಿನಿಯರ್ ವಾಯುಪಡೆ ಸೇರಿದ್ದ. 1942ರ ಸೆಪ್ಟೆಂಬರ್‌ನಲ್ಲಿ ವಾಯುಪಡೆಯ ಯೂನಿಯನ್ ಪಂದ್ಯ ಆಡುತ್ತಲೇ ಕುಸಿದು ತೀರಿಕೊಂಡ. ವಯಸ್ಸು 38. ಆತನ ಮಗ, ಅದೇ ಹೆಸರಿನ ರಾಯ್ ಕಿನಿಯರ್, ಮುಂದೆ ಬ್ರಿಟನ್ನಿನ ಹೆಸರಾಂತ ಹಾಸ್ಯನಟನಾದ.

ಯೂನಿಯನ್ ತನ್ನ ಆಟಗಾರರಿಗೆ ಬಹಿರಂಗವಾಗಿ ಹಣ ಕೊಡಲು ಒಪ್ಪಿದ್ದು 1995ರ ಆಗಸ್ಟ್‌ನಲ್ಲಿ. ಬೇರೆಯಾಗಿ ಸರಿಯಾಗಿ ನೂರು ವರ್ಷಕ್ಕೆ. ಈಗ ಆಚೆಗೂ ಈಚೆಗೂ ಓಡಾಡುವುದು ಮಾಮೂಲು.

ಹಾಗಾಗಿ ನಿಮ್ಮ ಸಹೋದ್ಯೋಗಿ ಹೇಳಿದ ಶಿಕ್ಷೆ ನಿಜ, ವ್ಯಕ್ತಿ ತಪ್ಪು. ಮಸ್ಸೂರಿಯ ಹುಡುಗನ ಕಾಲಕ್ಕೆ ನಡುವೆ ಗೋಡೆಯೇ ಎದ್ದಿರಲಿಲ್ಲ. ಆತನಿಗೆ ಅರ್ಧ ದಿನದ ಕೂಲಿಯ ಚಿಂತೆಯೂ ಇರಲಿಲ್ಲ ಅನ್ನೋದನ್ನ ಮರೀಬಾರದು. ಸೈನ್ಯದ ಅಧಿಕಾರಿ, ಹಿನ್ನೆಲೆಗೆ ಜಮೀನ್ದಾರಿ ಮನೆತನ. ಆಟಕ್ಕೆ ದುಡ್ಡು ಕೇಳುವ ಪ್ರಮೇಯವೇ ಬರಲಿಲ್ಲ.

ಕೊನೆಯದಾಗಿ, ಆಮೇಲೆ ಏನಾದ ಅಂತ ಕೇಳಿದ್ದೀರಿ. ಸೈನ್ಯದಲ್ಲಿ ಕರ್ನಲ್ ಹುದ್ದೆಗೇರಿ ನಿವೃತ್ತನಾದ. ಆಮೇಲೆ ಹೋಗಿದ್ದು ಡಬ್ಲಿನ್‌ಗೆ, ಗಿನ್ನೆಸ್ ಬಿಯರ್ ಕಂಪನಿಗೆ. ಅಲ್ಲಿ ಮ್ಯಾನೇಜಿಂಗ್ ಡೈರೆಕ್ಟರ್ ಆದ. 1920ರ ಜೂನ್ 15ರಂದು ಮಾಂಟ್ರೋಸ್ ಹತ್ತಿರದ ತನ್ನ ಮನೆಯಲ್ಲಿ ತೀರಿಕೊಂಡ. ಎದುರು ತಂಡದಲ್ಲಿ ಆಡಿದ ಗುಡ್ವಿನ್‌ಗೆ ಆ ಭಾಗ್ಯ ಇರಲಿಲ್ಲ. ಆ ಪಂದ್ಯವಾಗಿ ಒಂದೇ ವರ್ಷಕ್ಕೆ, 1874ರ ಮಾರ್ಚ್‌ನಲ್ಲಿ, ನಮ್ಮ ರೂರ್ಕಿಯಲ್ಲಿ ಸತ್ತ.

ನಿಮ್ಮ ಕ್ವಿಜ್ ಮಾಸ್ತರರಿಗೆ ಒಂದು ಸಲಹೆ ಕೊಡಿ. ಪ್ರಶ್ನೆಯಿಂದ "ರಗ್ಬಿ ಬಿಟ್ಟು" ಅನ್ನೋದನ್ನ ತೆಗೆಯಲಿ. ಇನ್ನೂ ಕಷ್ಟದ್ದು ಬೇಕು ಅಂದರೆ ಹೀಗೆ ಕೇಳಲಿ: 1873ರ ಮಾರ್ಚ್ 8ರ ಪಂದ್ಯದ ಆರು ಗೋಲುಗಳಲ್ಲಿ ಮೂರನ್ನು ಹೊಡೆದವರು ಭಾರತದಲ್ಲಿ ಹುಟ್ಟಿದವರು, ಯಾರವರು? ಒಂದು ಮಸ್ಸೂರಿಯ ರೆನ್ನಿ-ಟೇಲ್ಯೂರ್‌ನದು. ಇನ್ನೆರಡು ಕೆನ್ಯನ್-ಸ್ಲೇನಿಯವು. ಆತ ಹುಟ್ಟಿದ್ದು ಗುಜರಾತಿನ ರಾಜ್‌ಕೋಟ್ ಬಳಿ.